ಇಪ್ಪತ್ತೆರಡು ಮೆಟ್ಟಿಲು

ನೀರ್ಚಾಲು
ಶನಿವಾರ ರಾತ್ರಿ

ಪ್ರೀತಿಯ ಮಗಳೇ,

ಇದನ್ನು ವಾಟ್ಸಾಪಿನಲ್ಲೇ ಬರೆಯೋಣ ಅಂತ ಕೂತಿದ್ದೆ. ಎರಡು ಸಾಲು ಬರೆದು ಅಳಿಸಿದೆ. ಹಾಗೆ ಬೆರಳಲ್ಲಿ ಒತ್ತಿ ಕಳಿಸುವ ಮಾತಲ್ಲ ಇದು. ಪಕ್ಕದ ಮನೆಯ ಹುಡುಗ ನಾಳೆ ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹೊರಟಿದ್ದಾನೆ. ಅಮ್ಮ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ. ಅದರ ಜೊತೆ ಈ ಕಾಗದವನ್ನೂ ಕೊಟ್ಟು ಕಳಿಸುತ್ತೇನೆ. ಬುಧವಾರದ ಒಳಗೆ ಕೆಲಸಕ್ಕೆ ಕರೆದ ಎರಡು ಕಂಪನಿಗೂ ಉತ್ತರ ಕೊಡಬೇಕು ಅಂದಿದ್ದೆಯಲ್ಲ. ಸೋಮವಾರ ಬೆಳಿಗ್ಗೆ ನಿನ್ನ ಕೈಗೆ ಸಿಕ್ಕಿದರೆ ಯೋಚಿಸಲು ಎರಡು ದಿನ ಇರುತ್ತದೆ.

ಮೊನ್ನೆ ಫೋನಿನಲ್ಲಿ ಆದದ್ದನ್ನು ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ಆದರೆ "ರೈತರಿಗೆ ಫೋನ್ ಮಾಡುವುದಕ್ಕೆ ಎಂಎಸ್ಸಿ ಓದಬೇಕಿತ್ತಾ" ಅಂದೆನಲ್ಲ, ಆ ಮಾತು ನನ್ನ ಬಾಯಿಂದ ಬರಬಾರದಿತ್ತು. ತಪ್ಪಾಯಿತು. ಅಮ್ಮ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಿದ್ದಳು. ರಾತ್ರಿ ಬಡಿಸುವಾಗಲೂ ಮಾತಾಡಲಿಲ್ಲ. ನಾನೂ ರೈತನೇ ಅಲ್ವಾ. ಮೂವತ್ತು ವರ್ಷದಿಂದ ಈ ತೋಟದಲ್ಲಿ ಬದುಕಿದವನು ಆ ಮಾತು ಆಡಿದೆ.

ನೀನು ಫೋನ್ ಇಡುವ ಮೊದಲು ಇನ್ನೊಂದು ಮಾತು ಹೇಳಿದೆ. "ನೀವು ಇಷ್ಟಪಟ್ಟ ಪೇಪರಿನಲ್ಲೇ ಆರು ವರ್ಷ ಕೆಲಸ ಮಾಡಿದವರಲ್ವಾ ಅಪ್ಪಾ? ನಾನು ಇಷ್ಟದ ಕ್ಷೇತ್ರಕ್ಕೆ ಹೋಗುವಾಗ ಮಾತ್ರ ಯಾಕೆ ಬೇಡ?" ಅಂದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಹೇಳಲು ಧೈರ್ಯ ಆಗಲಿಲ್ಲ. ಎರಡು ರಾತ್ರಿ ಮಗ್ಗುಲು ಬದಲಿಸಿ ಬದಲಿಸಿ ಸಾಕಾಗಿ ಈಗ ಎದ್ದು ಕೂತು ಬರೆಯುತ್ತಿದ್ದೇನೆ.

ಪೇಪರಿನಲ್ಲಿ ನಾನು ಒಂದು ಸಾಲೂ ಬರೆದವನಲ್ಲ ಮಗಳೇ.

ಆರು ವರ್ಷ ಅಲ್ಲಿದ್ದದ್ದು ನಿಜ. 1989ರಿಂದ 1995ರ ತನಕ. ಆದರೆ ನಾನಿದ್ದದ್ದು ಲೆಕ್ಕದ ವಿಭಾಗದಲ್ಲಿ. ನೀನು ಐದನೇ ಕ್ಲಾಸಿನಲ್ಲಿ 'ನನ್ನ ಅಪ್ಪ' ಅಂತ ಪ್ರಬಂಧ ಬರೆದಿದ್ದೆ. "ನನ್ನ ಅಪ್ಪ ಮೊದಲು ಮಂಗಳೂರಿನಲ್ಲಿ ಪೇಪರಿಗೆ ಬರೆಯುತ್ತಿದ್ದರು" ಎಂಬ ಸಾಲು ಅದರಲ್ಲಿತ್ತು. ಟೀಚರು ಕೆಂಪು ಶಾಯಿಯಲ್ಲಿ ಚೆನ್ನಾಗಿದೆ ಅಂತ ಬರೆದಿದ್ದರು. ಕೆಳಗೆ ಹೆತ್ತವರ ಸಹಿ ಬೇಕಿತ್ತು. ನಾನು ಪೂರ್ತಿ ಓದಿ ಸಹಿ ಹಾಕಿದೆ. ಅವತ್ತೇ ನಿನ್ನನ್ನು ಕರೆದು ಹೇಳಬಹುದಿತ್ತು. ಹೇಳಲಿಲ್ಲ. ವರ್ಷ ಕಳೆದ ಹಾಗೆ ಹೇಳುವುದು ಇನ್ನೂ ಕಷ್ಟವಾಯಿತು. ಅಮ್ಮನಿಗೆ ಗೊತ್ತಿತ್ತು. ನನ್ನ ಮುಖ ನೋಡಿ ಸುಮ್ನಿದ್ದಳು.

ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಬಿಕಾಂ ಮುಗಿಸಿದಾಗ ನನಗಿದ್ದದ್ದು ಒಂದೇ ಆಸೆ. ಬರೆಯಬೇಕು, ಅದೂ ಪೇಪರಿಗೆ. ಆಗ ನನ್ನ ಮುಂದೆಯೂ ಎರಡು ದಾರಿ ಇತ್ತು. ಒಂದು ಸಹಕಾರಿ ಸಂಘದವರು ತಮ್ಮ ಮಾಸಪತ್ರಿಕೆಗೆ ಬರೆಯುವವರು ಬೇಕು ಅಂದಿದ್ದರು. ಗೊಬ್ಬರ, ಅಡಿಕೆ ರೇಟು, ವಾರ್ಷಿಕ ಮಹಾಸಭೆ, ಇಂಥದ್ದೇ. ಸಂಬಳ ಪರವಾಗಿಲ್ಲ ಅನ್ನುವಷ್ಟು. ನನಗೆ ಅದು ಕೆಲಸ ಅಂತಲೇ ಅನಿಸಲಿಲ್ಲ. ಗೊಬ್ಬರದ ಬಗ್ಗೆ ಬರೆಯಲು ನಾನೇನು ಹುಟ್ಟಿದೆನಾ ಅಂತ ಅಜ್ಜನ ಹತ್ತಿರ ಕೇಳಿದ್ದೆ. ಇನ್ನೊಂದು ಮಂಗಳೂರಿನ ಈ ಪತ್ರಿಕೆ. ಅವರು ಹೇಳಿದ್ದು ಇಷ್ಟು: "ಈಗ ಲೆಕ್ಕದಲ್ಲಿ ಜಾಗ ಇದೆ. ನೀವು ಬಿಕಾಂ ಬೇರೆ. ಒಳಗೆ ಬಂದರೆ ಆಯಿತಲ್ಲ. ಆರು ತಿಂಗಳು ಕಳೆಯಲಿ, ಮೇಲೆ ಹಾಕೋಣ."

ಆರು ತಿಂಗಳು.

ಮೊನ್ನೆ ನೀನು ಆ ಕೃಷಿ ಕಂಪನಿಯ ಬಗ್ಗೆ "ಆರು ತಿಂಗಳು ಸಪೋರ್ಟಿನಲ್ಲಿರು, ಆಮೇಲೆ ಡೇಟಾ ಟೀಮಿಗೆ ತೆಗೆದುಕೊಳ್ಳುತ್ತೇವೆ ಅಂದಿದ್ದಾರೆ ಅಪ್ಪಾ" ಅಂತ ಖುಷಿಯಿಂದ ಹೇಳಿದೆಯಲ್ಲ, ನನ್ನ ಕಿವಿಗೆ ಬೇರೆ ಏನೂ ಬೀಳಲಿಲ್ಲ. ಅಲ್ಲಿಂದಲೇ ನನ್ನ ಸ್ವರ ಏರಿದ್ದು.

ಆ ಕಟ್ಟಡ ಈಗಲೂ ನನ್ನ ಕಣ್ಣ ಮುಂದಿದೆ. ಕೆಳಗೆ ಲೆಕ್ಕ, ಜಾಹೀರಾತು, ಸರ್ಕ್ಯುಲೇಶನ್. ಹಿಂದೆ ಪ್ರೆಸ್ಸು. ಮೇಲಿನ ಮಹಡಿಯಲ್ಲಿ ಸಂಪಾದಕರು, ಉಪಸಂಪಾದಕರು, ವರದಿಗಾರರು. ಮಧ್ಯೆ ಮರದ ಮೆಟ್ಟಿಲು. ಒಟ್ಟು 22. ಹನ್ನೆರಡನೆಯದರಲ್ಲಿ ಒಂದು ತಿರುವು. ಅಲ್ಲಿ ನಿಂತರೆ ಮೇಲಿನ ಮಾತು ಕೇಳುತ್ತದೆ. ಯಾವ ಸುದ್ದಿ ಮೊದಲ ಪುಟಕ್ಕೆ, ಯಾವ ತಲೆಬರಹ ಉದ್ದವಾಯಿತು ಅಂತೆಲ್ಲ ಚರ್ಚೆ. ಏನಾದರೂ ಬಿಲ್ಲಿಗೆ ಸಹಿ ಬೇಕು ಅನ್ನುವ ನೆಪದಲ್ಲಿ ನಾನು ದಿನಕ್ಕೊಮ್ಮೆ ಹತ್ತುತ್ತಿದ್ದೆ. ತಿರುವಿನಲ್ಲಿ ಒಂದು ನಿಮಿಷ ನಿಲ್ಲುತ್ತಿದ್ದೆ.

ನನ್ನ ಕೆಲಸ ಏಜೆಂಟರ ಲೆಕ್ಕ. ಕುಂಬಳೆಗೆ ಎಷ್ಟು ಪ್ರತಿ, ಉಪ್ಪಳಕ್ಕೆ ಎಷ್ಟು, ಪುತ್ತೂರಿಗೆ ಎಷ್ಟು. ಮಾರಾಟವಾಗದೆ ವಾಪಸು ಬಂದದ್ದೆಷ್ಟು. ಕಮಿಷನ್ ಎಷ್ಟು, ಬಾಕಿ ಎಷ್ಟು. ನಾನು ಬರುವ ಮೊದಲು ಅದು ಗೋಜಲಾಗಿತ್ತು. ನಾನು ಒಂದೊಂದು ಏಜೆಂಟರಿಗೆ ಒಂದೊಂದು ಪುಟ ಮಾಡಿದೆ. ಬಾಕಿ ಉಳಿಸಿಕೊಂಡವರಿಗೆ ನಾನೇ ಕಾಗದ ಬರೆದೆ. ಒಂದು ವರ್ಷದಲ್ಲಿ ಎಲ್ಲ ಸರಿಯಾಯಿತು. ಮ್ಯಾನೇಜರು ನನ್ನನ್ನು ಕರೆದು ಹೊಗಳಿದರು. ಸಂಬಳವೂ ಸ್ವಲ್ಪ ಜಾಸ್ತಿ ಮಾಡಿದರು. ನಾನು ಖುಷಿಯಲ್ಲಿದ್ದೆ. ಇನ್ನು ಮೇಲೆ ಕಳಿಸುತ್ತಾರೆ ಅಂದುಕೊಂಡೆ.

ಆ ಮಧ್ಯೆ ಒಂದು ಲೇಖನ ಬರೆದೆ, 1991ರಲ್ಲಿ. ನೀರಿಗಾಗಿ ಗುಡ್ಡಕ್ಕೆ ಕೊರೆಯುವ ನಮ್ಮ ಕಡೆಯ ಸುರಂಗದ ಬಗ್ಗೆ. ಬಾಯಾರಿನ ಹತ್ತಿರ ಒಬ್ಬರು ಸುರಂಗ ಕೊರೆಯುವವರಿದ್ದರು. ಎರಡು ಭಾನುವಾರ ಅವರ ಹಿಂದೆ ಹೋಗಿದ್ದೆ. ಗುಡ್ಡದ ಬದಿಗೆ, ಒಬ್ಬರು ಬಗ್ಗಿ ಹೋಗುವಷ್ಟು ಅಗಲಕ್ಕೆ, ಮುರಕಲ್ಲಿನ ಮಣ್ಣನ್ನು ಅಡ್ಡಕ್ಕೆ ಕೊರೆಯುತ್ತಾ ಹೋಗುವುದು. ಕೈಯಲ್ಲೊಂದು ಪಿಕ್ಕಾಸು, ಪಕ್ಕದಲ್ಲೊಂದು ಮೇಣದ ಬತ್ತಿ. ಬತ್ತಿ ನಂದತೊಡಗಿದರೆ ಒಳಗೆ ಗಾಳಿ ಸಾಲದು ಅಂತ ಅರ್ಥ, ಹೊರಗೆ ಬರಬೇಕು. ಅವರು ಗೋಡೆಗೆ ಅಂಗೈ ಇಟ್ಟು ನೋಡುತ್ತಿದ್ದರು. ನನ್ನ ಕೈಯನ್ನೂ ಹಿಡಿದು ಇಡಿಸಿದರು. ಹೊರಗೆ ಏಪ್ರಿಲ್ ಬಿಸಿಲು. ಒಳಗೆ ಕಲ್ಲು ತಣ್ಣಗೆ ಬೆವರುತ್ತಿತ್ತು. ಅದನ್ನೆಲ್ಲ ಬರೆದೆ. ಏಳು ಹಾಳೆ ಆಯಿತು. ಮೂರು ಸಲ ಪ್ರತಿ ತೆಗೆದು, ಅಂದವಾದ ಅಕ್ಷರದಲ್ಲಿ ಬರೆದು, ಮೇಲೆ ತೆಗೆದುಕೊಂಡು ಹೋಗಿ ಒಬ್ಬ ಹಿರಿಯ ಉಪಸಂಪಾದಕರ ಮೇಜಿನ ಮೇಲಿಟ್ಟೆ.

ಒಂದು ತಿಂಗಳು ಕಾದೆ. ಆಮೇಲೆ ಬಿಲ್ಲಿನ ನೆಪದಲ್ಲಿ ಹೋದಾಗ ನೋಡಿದೆ. ಅದು ಅದೇ ಮೇಜಿನ ಮೇಲಿತ್ತು. ಮೇಲೆ ಚಹಾದ ಗ್ಲಾಸು. ಮೊದಲ ಹಾಳೆಯಲ್ಲಿ ಗ್ಲಾಸಿನ ಗುರುತು ಬಿದ್ದಿತ್ತು, ಉಂಗುರದ ಹಾಗೆ. ಅವರು ಕೆಟ್ಟವರಲ್ಲ. ನನ್ನನ್ನು ನೋಡಿ ನಕ್ಕು, "ಅರೆ, ಇದು ನಿಮ್ಮದಾ? ನೀವು ಲೆಕ್ಕದವರಲ್ವಾ?" ಅಂದರು. ಬೇಕಂತಲೇ ನೋಯಿಸಿದ್ದಲ್ಲ. ಅವರಿಗೆ ನಾನು ಕಂಡದ್ದೇ ಹಾಗೆ.

ಮ್ಯಾನೇಜರ ಹತ್ತಿರ ಮತ್ತೆ ಕೇಳಿದೆ. "ನಿಮ್ಮನ್ನು ಮೇಲೆ ಕಳಿಸಿದರೆ ಏಜೆಂಟರ ಲೆಕ್ಕ ಯಾರು ನೋಡುವುದು? ನಿಮ್ಮಷ್ಟು ಚೆನ್ನಾಗಿ ಯಾರಿಗೆ ಬರುತ್ತದೆ?" ಅಂದರು. ಹೊಗಳಿಕೆಯ ಧಾಟಿಯಲ್ಲೇ ಅಂದರು. ಅವತ್ತು ಕೆಳಗೆ ಬಂದು ಕುರ್ಚಿಯಲ್ಲಿ ಕೂತಾಗ ನನಗೆ ಅರ್ಥವಾಯಿತು. ಬೇಡದ ಕೆಲಸವನ್ನು ನಾನು ಚೆನ್ನಾಗಿ ಮಾಡಿದಷ್ಟೂ ಬೇಕಾದ ಕೆಲಸ ನನ್ನಿಂದ ದೂರ ಹೋಗುತ್ತಿತ್ತು. ಹಾಗಂತ ಕೆಟ್ಟದಾಗಿ ಮಾಡಲು ನನಗೆ ಬರುವುದಿಲ್ಲ. ನಿನಗೂ ಬರುವುದಿಲ್ಲ.

ಇನ್ನೊಂದು ಇದೆ. ಇದನ್ನು ಅಮ್ಮನಿಗೂ ಹೇಳಿಲ್ಲ. ನಾನು ಬೇಡ ಅಂದ ಆ ಸಹಕಾರಿ ಸಂಘದ ಕೆಲಸಕ್ಕೆ ನನಗಿಂತ ಒಂದು ವರ್ಷ ಚಿಕ್ಕವನೊಬ್ಬ ಸೇರಿದ್ದ. ನಾಲ್ಕು ವರ್ಷ ಗೊಬ್ಬರ, ಔಷಧಿ, ಅಡಿಕೆ ರೇಟು ಅಂತ ಬರೆದ. ತಿಂಗಳು ತಿಂಗಳು ಬರೆದ. 1993ರಲ್ಲಿ ಅವನು ನಮ್ಮ ಪತ್ರಿಕೆಗೆ ಬಂದ. ನೇರ ಮೇಲಿನ ಮಹಡಿಗೆ. ಅವನ ಮೊದಲ ತಿಂಗಳ ಸಂಬಳದ ವೋಚರ್ ನಾನೇ ಬರೆದೆ. ಅವನು ಬಂದು ಸಹಿ ಹಾಕಿ, ದುಡ್ಡು ಎಣಿಸಿಕೊಂಡು, "ಥ್ಯಾಂಕ್ಸ್ ಅಣ್ಣ" ಅಂತ ಹೇಳಿ ಮೆಟ್ಟಿಲು ಹತ್ತಿದ. ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತುತ್ತಿದ್ದ. ಆ ಸದ್ದು ನನಗೆ ಈಗಲೂ ಕೇಳುತ್ತದೆ. ನಾನು ಅವನಿಗಿಂತ ಚೆನ್ನಾಗಿ ಬರೆಯುತ್ತಿದ್ದೆ ಅಂತ ಹೇಳಿಕೊಳ್ಳಲು ನನ್ನ ಹತ್ತಿರ ಏನಿತ್ತು? ಅವನ ಹತ್ತಿರ ನಾಲ್ಕು ವರ್ಷದ ಬರೆವಣಿಗೆ ಇತ್ತು. ನನ್ನ ಹತ್ತಿರ ಚಹಾದ ಕಲೆ ಬಿದ್ದ ಏಳು ಹಾಳೆ.

1995ರಲ್ಲಿ ನಾನು ಊರಿಗೆ ಬಂದದ್ದು ಅಜ್ಜನಿಗೆ ಸೌಖ್ಯವಿಲ್ಲ ಅಂತ. ಅದು ಸುಳ್ಳಲ್ಲ. ಆದರೆ ಅದೊಂದೇ ಕಾರಣ ಅಂತ ಇಷ್ಟು ವರ್ಷ ಹೇಳಿದ್ದು ಸರಿಯಲ್ಲ.

ಇಷ್ಟು ಬರೆದ ಮೇಲೆ ಸ್ವಲ್ಪ ಹೊತ್ತು ಪೆನ್ನು ಇಟ್ಟು ಹೊರಗೆ ಹೋಗಿ ಬಂದೆ. ಮಳೆ ಒಂದೇ ಸಮನೆ ಹೊಯ್ಯುತ್ತಿದೆ. ಆಟಿ ತಿಂಗಳು ಶುರುವಾಯಿತಲ್ಲ. ಅಡಿಕೆಗೆ ಎರಡನೇ ಸಲದ ಮದ್ದು ಬಿಡಬೇಕು, ಒಂದು ದಿನವೂ ಹೊಳವು ಕೊಡುತ್ತಿಲ್ಲ. ಮೈಲುತುತ್ತು, ಸುಣ್ಣ ಎಲ್ಲ ತಂದಿಟ್ಟು ಹತ್ತು ದಿನ ಆಯಿತು.

ನಿನ್ನ ವಿಷಯಕ್ಕೆ ಬರುತ್ತೇನೆ. ನನಗೆ ಅರ್ಥವಾದ ಹಾಗೆ ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ಕೃಷಿ ಕಂಪನಿ ನಿನಗೆ ಇಷ್ಟ. ಆದರೆ ಅಲ್ಲಿ ಕೊಡುವುದು ಸಪೋರ್ಟಿನ ಕೆಲಸ. ರೈತರು ಆ್ಯಪ್ ಬಗ್ಗೆ ಕೇಳಿದರೆ ಉತ್ತರ ಕೊಡುವುದು, ದೂರು ಬರೆದುಕೊಳ್ಳುವುದು. ವಿಮೆ ಕಂಪನಿಯಲ್ಲಿ ಕೊಡುವುದು ನೀನು ಓದಿದ ಕೆಲಸವೇ, ಡೇಟಾ ಅನಲಿಸ್ಟ್. ಆದರೆ ಅಲ್ಲಿ ದಿನವಿಡೀ ಕಾರು, ಬೈಕಿನ ಅಪಘಾತದ ಲೆಕ್ಕ. ಅದು ನಿನಗೆ ಇಷ್ಟವಿಲ್ಲ. ಕಾರಿನ ಬಂಪರಿನ ಲೆಕ್ಕ ಹಾಕಿ ಯಾರಿಗೇನು ಉಪಕಾರ ಅಂತ ನೀನು ಕೇಳಿದೆ. ಒಳ್ಳೆಯ ಪ್ರಶ್ನೆಯೇ. ನಿನ್ನ ವಯಸ್ಸಿನಲ್ಲಿ ಹಾಗೆ ಕೇಳಬೇಕು.

ಆ ಕೃಷಿ ಕಂಪನಿಯವರು ನಿನ್ನನ್ನು ಯಾಕೆ ಆರಿಸಿದರು ಅಂತ ಯೋಚಿಸಿದೆಯಾ? ನಿನಗೆ ಕನ್ನಡ, ತುಳು, ಮಲಯಾಳ, ಇಂಗ್ಲಿಷ್ ಎಲ್ಲ ಬರುತ್ತದೆ. ನಮಗೆ ಇದು ದೊಡ್ಡ ಸಂಗತಿ ಅಲ್ಲ. ಮನೆಯಲ್ಲೊಂದು, ಅಂಗಡಿಯಲ್ಲೊಂದು, ಪಂಚಾಯತ್ ಆಫೀಸಿನಲ್ಲೊಂದು ಅಂತ ಮಾತಾಡಿಕೊಂಡೇ ದೊಡ್ಡವರಾಗುತ್ತೇವೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮಂಥ ಮನೆಗಳಿಗೆ ಅದು ಅನಿವಾರ್ಯವೂ ಆಯಿತು. ಆದರೆ ಬೆಂಗಳೂರಿನಲ್ಲಿ ಅದು ಅಪರೂಪ. ಸುಳ್ಯದ ರೈತನಿಗೂ ಕಾಞಂಗಾಡಿನ ರೈತನಿಗೂ ಒಬ್ಬಳೇ ಹುಡುಗಿ ಅವರವರ ಭಾಷೆಯಲ್ಲಿ ಉತ್ತರ ಕೊಡುವುದಾದರೆ ಅಂಥವಳನ್ನು ಫೋನಿನ ಮುಂದಿಂದ ಯಾರು ಏಳಿಸುತ್ತಾರೆ? ನನ್ನ ಬಿಕಾಂ ನನ್ನನ್ನು ಕೆಳಗಿನ ಮಹಡಿಯಲ್ಲೇ ಕೂರಿಸಿತು. ನಿನ್ನ ಭಾಷೆ ನಿನಗೆ ಹಾಗೆ ಮಾಡಬಾರದು. ಇದೇ ನನ್ನ ಹೆದರಿಕೆ. ಉಳಿದದ್ದೆಲ್ಲ ಸಣ್ಣದು.

ಆದರೂ ಅನ್ಯಾಯವಾಗಿ ಮಾತಾಡಬಾರದು. ಕ್ಷೇತ್ರದ ಮೇಲಿನ ಪ್ರೀತಿಗೆ ಬೆಲೆ ಇಲ್ಲ ಅಂತ ನಾನು ಹೇಳುವುದಿಲ್ಲ. ಆರು ವರ್ಷ ವಾಪಸು ಬಂದ ಪೇಪರಿನ ಕಟ್ಟು ಎಣಿಸಿದ್ದರಿಂದಲೇ ಜನ ಏನು ಓದುತ್ತಾರೆ ಅಂತ ನನಗೆ ಗೊತ್ತಾದದ್ದು. ಅದು ಮೇಲಿನವರಿಗೂ ಅಷ್ಟು ಗೊತ್ತಿರಲಿಲ್ಲ. ನೀನು ಆರು ತಿಂಗಳು ರೈತರ ಮಾತು ಕೇಳಿದರೆ ಕಂಪ್ಯೂಟರಿನಲ್ಲಿ ಕಾಣದ್ದು ಎಷ್ಟೋ ಗೊತ್ತಾಗುತ್ತದೆ. ನಳ್ಳಿ, ಅಂದರೆ ಅಡಿಕೆಯ ಎಳೆಕಾಯಿ, ಉದುರಿತು ಅಂತ ಒಬ್ಬ ಹೇಳಿದರೆ ಅದು ಕೊಳೆರೋಗವೋ, ಕೀಟವೋ, ಬಿಸಿಲಿಗೋ ಅಂತ ಕೇಳಬೇಕಾದ ಪ್ರಶ್ನೆ ನಿನಗೆ ಗೊತ್ತು. ಬೇರೆಯವರಿಗೆ ಗೊತ್ತಿಲ್ಲ. ಅದನ್ನು ಕಳೆದುಕೊಳ್ಳಬೇಡ.

ಆದರೆ ಮಾವನನ್ನು ನೋಡು. ಅವನು ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿ ಶುರು ಮಾಡಿದವನು. 1865ರಲ್ಲಿ ಬಾಸೆಲ್ ಮಿಷನಿನವರು ಶುರು ಮಾಡಿದ ಉದ್ಯಮ ಅದು. ನಮ್ಮ ಮನೆಯ ಮಾಡಿನಲ್ಲಿರುವುದೂ ಅದೇ ಮಂಗಳೂರು ಹಂಚು. ಆ ಉದ್ಯಮ ಮುಗಿಯುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ಕಾಂಕ್ರೀಟು ಬಂತು, ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಹಂಚು ನಂಬಿದವರು ಮನೆಗೆ ಹೋದರು. ಮಾವ ಮೊದಲು ಐಸ್ ಪ್ಲಾಂಟಿಗೆ ಹೋದ, ಆಮೇಲೆ ದುಬೈಗೆ ಹೋದ. ಹಂಚು ಹೋಯಿತು, ಕೈಯಲ್ಲಿದ್ದ ಕರೆಂಟಿನ ವಿದ್ಯೆ ಹೋಗಲಿಲ್ಲ.

ನಾವು ಮದ್ದು ಬಿಡುತ್ತೇವಲ್ಲ, ಅದರ ಕತೆಯೂ ಹಾಗೇ. 1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಮೈಸೂರು ಸಂಸ್ಥಾನಕ್ಕೆ ಬಂದರು. ಅವರು ಅಡಿಕೆಯ ಊರಿನವರಲ್ಲ. ಅವರ ಕೈಯಲ್ಲಿದ್ದದ್ದು ಶಿಲೀಂಧ್ರದ, ಕೀಟದ ವಿದ್ಯೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಬಹುದು ಅಂತ ಅಡಿಕೆಯವರಿಗೆ ತೋರಿಸಿಕೊಟ್ಟವರು ಅವರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗಿಸಿ ಹೊಯ್ದರೆ ಕೆಟ್ಟಿತು ಅಂತ ನಾನು ನಿನಗೆ ಹೇಳಿಕೊಟ್ಟೆ. ಚೂರಿಯ ತುದಿ ಅದ್ದಿ ನೋಡುವುದು ನಿನಗೆ ಆಗ ಬಹಳ ಇಷ್ಟದ ಕೆಲಸ. ಕೆಂಪು ಹಿಡಿದರೆ "ಅಪ್ಪಾ, ಸುಣ್ಣ ಸಾಲದು" ಅಂತ ಕೂಗುತ್ತಿದ್ದೆ. ಕೈಯಲ್ಲಿ ವಿದ್ಯೆ ಇದ್ದವನು ಎಲ್ಲಿಂದಲೋ ಬಂದು ಅಡಿಕೆಗೆ ಉಪಕಾರ ಮಾಡಿದ. ಅಷ್ಟು ದೂರದವನಿಗೆ ಆಯಿತು ಅಂದರೆ ಅಡಿಕೆ ಮರದ ಕೆಳಗೇ ಹುಟ್ಟಿದ ನಿನಗೆ ಆಗಲಿಕ್ಕಿಲ್ವಾ?

ವಿಮೆ ಅಂದರೆ ಕಾರು ಮಾತ್ರ ಅಲ್ಲ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಯಾರೂ ತೋಟಕ್ಕೆ ಬಂದು ನೋಡುವುದಿಲ್ಲ. ಮಳೆಮಾಪಕದಲ್ಲಿ ಎಷ್ಟು ಬಂತು, ಎಷ್ಟು ದಿನ ಬಂತು, ಅದರ ಮೇಲೆ ದುಡ್ಡು. ಆ ಲೆಕ್ಕ ಹಾಕುವವರು ಯಾರು? ಇವತ್ತು ಬೈಕಿನ ಅಪಘಾತದ ಲೆಕ್ಕ ಕಲಿತವರೇ ಅಲ್ವಾ ನಾಳೆ ಮಳೆಯ ಲೆಕ್ಕಕ್ಕೆ ಬರುವುದು? ನಮ್ಮ ಗುಡ್ಡದ ಮಳೆಗೂ ಪೇಟೆಯ ಮಳೆಗೂ ಇರುವ ವ್ಯತ್ಯಾಸ ಗೊತ್ತಿರುವವರು ಒಬ್ಬರಾದರೂ ಆ ಮೇಜಿನಲ್ಲಿ ಇರಲಿ ಅಂತ ನನಗೆ ಎಷ್ಟು ಸಲ ಅನಿಸಿದೆ.

ಸೋಮವಾರವೇ ಕೃಷಿ ಕಂಪನಿಯವರಿಗೆ ಫೋನ್ ಮಾಡಿ ನಾಲ್ಕು ಮಾತು ಕೇಳು. ಸಪೋರ್ಟಿನಿಂದ ಡೇಟಾ ಟೀಮಿಗೆ ಈ ಮೊದಲು ಯಾರಾದರೂ ಹೋಗಿದ್ದಾರಾ? ಹೋಗಿದ್ದರೆ ಅವರ ಜೊತೆ ಹತ್ತು ನಿಮಿಷ ಮಾತಾಡಬಹುದಾ? ಆರು ತಿಂಗಳ ಮಾತನ್ನು ಆಫರ್ ಲೆಟರಿನಲ್ಲಿ ಬರೆದು ಕೊಡುತ್ತಾರಾ? ನೀನು ಹೋದ ಮೇಲೆ ನಿನ್ನ ಫೋನಿಗೆ ಯಾರು ಕೂರುತ್ತಾರೆ? ಈ ಕೊನೆಯದ್ದನ್ನು ಮರೆಯಬೇಡ. ನಾನು ಕೇಳದೆ ಬಿಟ್ಟದ್ದು ಅದನ್ನೇ. ವಿಮೆಯವರ ಹತ್ತಿರವೂ ಕೇಳು. ನಿನ್ನ ಕೆಲಸವನ್ನು ತಿದ್ದುವ ಹಿರಿಯರು ಯಾರು, ನಿನಗೆ ನಿಜವಾಗಿ ಡೇಟಾ ಕೊಡುತ್ತಾರಾ ಅಥವಾ ಯಾರೋ ಮಾಡಿದ ರಿಪೋರ್ಟಿಗೆ ಬಣ್ಣ ಹಚ್ಚಿ ಕಳಿಸುವುದು ಮಾತ್ರವಾ, ಬಾಂಡ್ ಇದೆಯಾ, ನೋಟಿಸ್ ಎಷ್ಟು ದಿನ. ಹೆಸರು ಅನಲಿಸ್ಟ್ ಅಂತ ಇದ್ದು ಕೆಲಸ ಬೇರೆ ಆದರೆ ಅದೂ ಕೆಳಗಿನ ಮಹಡಿಯೇ. ಸಂಬಳವನ್ನು ಕೊನೆಗೆ ನೋಡು. ಮೊನ್ನೆ ನಾನು ಅದನ್ನೇ ಮೊದಲು ಹೇಳಿದೆ, ಅದೂ ತಪ್ಪು.

ಮತ್ತೆ ಪಾಠ ಶುರುವಾಯಿತು ಅಂತ ನಿನಗೆ ಅನಿಸಬಹುದು. ಬೈಯಬೇಡ. ನಿನ್ನ ಜಾಗದಲ್ಲಿ ನಿಂತು ಯೋಚಿಸಲು ಹೋದಾಗಲೆಲ್ಲ ನಾನು ಆ ಮೆಟ್ಟಿಲಿನ ತಿರುವಿಗೇ ಬಂದು ನಿಲ್ಲುತ್ತೇನೆ.

ನನ್ನ ಮನಸ್ಸು ಕೇಳಿದರೆ ವಿಮೆ ಕಂಪನಿಗೆ ಹೋಗು ಅನ್ನುತ್ತೇನೆ. ಎರಡು ವರ್ಷ. ದಿನಾ ಅದೇ ಕೆಲಸ ಮಾಡಿದರೆ ಕೈ ಕೂರುತ್ತದೆ. ಆದರೆ ನನಗೆ ಅಲ್ಲಿಯೂ ಒಂದು ಹೆದರಿಕೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಎರಡು ವರ್ಷ ನಾಲ್ಕಾಗಬಹುದು. ಸಂಬಳ ಏರುತ್ತದೆ, ಮನೆ ಸಾಲ ಅಂತ ಒಂದು ಬರುತ್ತದೆ, ಆಮೇಲೆ ಮಳೆಯ ಲೆಕ್ಕ ನಿನಗೆ ಮಕ್ಕಳಾಟ ಅನಿಸಬಹುದು. ಹಾಗಾದರೆ ನಾನು ಹೇಳಿದ್ದರಿಂದಲೇ ಆಯಿತು ಅಂತ ನನಗೆ ಯಾವಾಗಲೂ ಇರುತ್ತದೆ. ನಿನ್ನನ್ನು ನನ್ನ ಮೆಟ್ಟಿಲಿನಿಂದ ತಪ್ಪಿಸಲು ಹೋಗಿ ಬೇರೆ ಮನೆಗೇ ಕಳಿಸಿಬಿಟ್ಟೆನಾ ಅಂತ.

ಅದಕ್ಕೇ ಇನ್ನೊಂದು ಯೋಚನೆ ಬಂತು. ಕೃಷಿ ಕಂಪನಿಯವರಿಗೆ ನೀನೇ ಹೇಳಿ ನೋಡು. ಸಂಬಳ ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ, ಮೊದಲ ದಿನದಿಂದಲೇ ಡೇಟಾ ಟೀಮಿಗೆ ಹಾಕಿ, ವಾರದಲ್ಲಿ ಒಂದು ದಿನ ನಾನು ರೈತರ ಫೋನ್ ತೆಗೆದುಕೊಳ್ಳುತ್ತೇನೆ ಅಂತ. ಒಪ್ಪಿದರೆ ಕಣ್ಣು ಮುಚ್ಚಿ ಹೋಗು. ನಾನು ಒಂದು ಮಾತೂ ಆಡುವುದಿಲ್ಲ. ಬೆಂಗಳೂರಿನ ಬಾಡಿಗೆಗೆ ಸಾಲದೆ ಬಂದರೆ ಇಲ್ಲಿಂದ ಕಳಿಸುತ್ತೇನೆ. ಈ ವರ್ಷ ಅಡಿಕೆಗೆ ರೇಟು ಪರವಾಗಿಲ್ಲ. ಒಪ್ಪದಿದ್ದರೆ ಅವರಿಗೆ ಬೇಕಿದ್ದದ್ದು ನಿನ್ನ ತಲೆಯಲ್ಲ, ನಾಲಗೆ ಅಂತ ಗೊತ್ತಾಗುತ್ತದೆ.

ಎರಡೂ ಬಿಟ್ಟು ನೀನು ಫೋನಿನ ಮುಂದೆಯೇ ಕೂರುತ್ತೇನೆ ಅಂತ ನಿರ್ಧಾರ ಮಾಡಿದರೂ ನೀನು ನನ್ನ ಮಗಳೇ. ಕನ್ನಡ ಶಾಲೆಯಿಂದ ಹೋಗಿ, ಕೊಣಾಜೆಯ ಯೂನಿವರ್ಸಿಟಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿ, ಎರಡು ಕಂಪನಿಯವರು ಕರೆಯುವ ಹಾಗೆ ಆದವಳು. ನನ್ನ ಕಾಲದಲ್ಲಿ ಈ ಮನೆಯಿಂದ ಅಷ್ಟು ದೂರ ಹೋದವರಿಲ್ಲ. ಊರಿನಲ್ಲಿ ಯಾರಾದರೂ ನಿನ್ನ ವಿಷಯ ಕೇಳಿದರೆ ನಾನು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ನಿಂತು ಹೇಳುತ್ತೇನೆ. ಅಮ್ಮ ಕೈ ಹಿಡಿದು ಎಳೆಯಬೇಕು.

ಹಪ್ಪಳದ ಕಟ್ಟಿನ ಅಡಿಯಲ್ಲಿ ಎರಡು ಸಾಮಾನು ಇಟ್ಟಿದ್ದೇನೆ. ಒಂದು ಆ ಏಳು ಹಾಳೆ. ಪೆಟ್ಟಿಗೆಯಲ್ಲಿತ್ತು. ಓದು. ಸಮಯ ಸಿಕ್ಕಿದಾಗ ಓದಿದರೆ ಸಾಕು. ಇನ್ನೊಂದು ನಿನ್ನ ಮಳೆಯ ಪುಸ್ತಕ. ಒಂಬತ್ತನೇ ಕ್ಲಾಸಿನಲ್ಲಿ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಗೆ ಕರೆದುಕೊಂಡು ಹೋದಾಗ ಅಲ್ಲಿನ ಮಳೆಮಾಪಕ ನೋಡಿ ಬಂದು, ಬಾಟಲಿ ಕತ್ತರಿಸಿ, ಸ್ಕೇಲು ಅಂಟಿಸಿ ಅಂಗಳದ ಕಂಬಕ್ಕೆ ಕಟ್ಟಿದ್ದೆಯಲ್ಲ. ಎಡಗಡೆ ಮಳೆ, ಬಲಗಡೆ ಅವತ್ತು ಹತ್ತು ಮರದ ಕೆಳಗೆ ಬಿದ್ದ ನಳ್ಳಿ ಎಷ್ಟು ಅಂತ. ಹಾಸ್ಟೆಲಿಗೆ ಹೋಗುವ ದಿನ "ಅಪ್ಪಾ, ಒಂದು ದಿನವೂ ತಪ್ಪಿಸಬೇಡಿ, ಬೆಳಿಗ್ಗೆ ಎಂಟೂವರೆಗೇ ನೋಡಬೇಕು" ಅಂತ ಹೇಳಿ ಹೋಗಿದ್ದೆ. ನೀನು ಆಮೇಲೆ ಅದರ ಬಗ್ಗೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಿನ್ನ ಅಕ್ಷರ ಮುಗಿದಲ್ಲಿಂದ ನನ್ನ ಅಕ್ಷರ ಇದೆ. ಬಾಟಲಿ ಮೂರು ಸಲ ಬದಲಾಯಿಸಿದೆ. ಜ್ವರ ಬಂದ ಒಂದು ವಾರ ಅಮ್ಮ ನೋಡಿದ್ದಾಳೆ, ಅವಳ ಅಕ್ಷರ ಗೊತ್ತಾಗುತ್ತದೆ. ಬಲಗಡೆಯ ಕಾಲಂ ನಾನು ಪ್ರತಿದಿನ ತುಂಬಿಲ್ಲ, ಬಗ್ಗಿ ಹೆಕ್ಕುವುದು ಈಗ ಕಷ್ಟ. ಎಡಗಡೆಯದ್ದು ಒಂದೂ ತಪ್ಪಿಲ್ಲ. ನಾಳೆಯಿಂದ ಬೇರೆ ಪುಸ್ತಕದಲ್ಲಿ ಬರೆಯುತ್ತೇನೆ.

ಇವತ್ತಿನದ್ದು 84 ಮಿಲಿಮೀಟರ್.

ನಿನ್ನ
ಅಪ್ಪ